ಜನಾಬಾಯಿಯ ಬೆನ್ನು

ನೋವು ಅಂತ ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಜನಾಬಾಯಿ ಬಾಳಿನಲ್ಲಿ ಕಲಿತ ದೊಡ್ಡ ಪಾಠ ಇದು. ಕಲಿಸಿದ್ದು ಶಾಲೆಯಲ್ಲ, ಕಬ್ಬು ಕಡಿಯುವ ಗ್ಯಾಂಗು.

ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆ ಬಿಡುವ ಮೊದಲೇ ಗ್ಯಾಂಗಿಗೆ ಆಳು ಕಟ್ಟುವ ಮುಕಾದಮ ಸಂಗ್ರಾಮ ಕೇರಿಗೆ ಬರುತ್ತಾನೆ. ಒಬ್ಬೊಬ್ಬರನ್ನೇ ಎದುರು ನಿಲ್ಲಿಸಿಕೊಂಡು ಸಂತೆಯಲ್ಲಿ ಎತ್ತು ನೋಡಿದ ಹಾಗೆ ನೋಡುತ್ತಾನೆ. "ನಡಾ ಹೆಂಗೈತಿ? ಮೊಣಕಾಲು? ಏನರ ತ್ರಾಸ ಐತೇನು?" ಅನ್ನುತ್ತಾನೆ. ಅದಕ್ಕಿರುವ ಉತ್ತರ ಒಂದೇ. "ಏನೂ ಇಲ್ರಿ, ಗಟ್ಟಿ ಅದೀನಿ." ಬಸುರಿಯೂ ಹಾಗೇ ಹೇಳುತ್ತಾಳೆ. ಜ್ವರದಲ್ಲಿ ನಡುಗುವವನೂ ಹಾಗೇ ಹೇಳುತ್ತಾನೆ. ಗರ್ಭಚೀಲ ತೆಗೆಸಿಕೊಂಡು ಇನ್ನೂ ಹೊಲಿಗೆ ಮಾಯದವಳು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಹಾಗೇ ಹೇಳುತ್ತಾಳೆ. ನೋವು ಅಂದವಳ ಜಾಗದಲ್ಲಿ ಮರುದಿನ ಇನ್ನೊಬ್ಬಳು ನಿಂತಿರುತ್ತಾಳೆ.

ಗ್ಯಾಂಗಿನಲ್ಲಿ ಒಂಟಿ ಆಳಿಗೆ ಬೆಲೆಯಿಲ್ಲ. ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ. ಕೊಯ್ತಾ ಅಂದರೆ ಕುಡುಗೋಲು, ಆದರೆ ಮುಕಾದಮನ ಬಾಯಲ್ಲಿ ಅದು ಜೋಡಿಯ ಹೆಸರು. ಅವನು ಕಡಿಯಬೇಕು. ಇವಳು ಗರಿ ಸವರಿ, ಹೊರೆ ಕಟ್ಟಬೇಕು. ಆಮೇಲೆ ಇಬ್ಬರೂ ತಲೆಯ ಮೇಲೆ ಹೊರೆ ಹೊತ್ತು ಹಲಗೆಯ ಮೇಲೆ ನಡೆದು ಟ್ರಾಲಿ ಏರಬೇಕು. ಜೋಡಿ ಮುರಿದವಳನ್ನು ಅರ್ಧ ಕೊಯ್ತಾ ಅನ್ನುತ್ತಾರೆ. ಅರ್ಧ ಕೊಯ್ತಾ ಯಾವ ಗ್ಯಾಂಗಿಗೂ ಬೇಡ.

ಉಗಾರ ಬುದ್ರುಕದ ಆ ಕೇರಿಯಲ್ಲಿ ಜನಾಬಾಯಿ ಮತ್ತು ಭರಮು ಒಂದು ಕಾಲಕ್ಕೆ ಗಟ್ಟಿ ಕೊಯ್ತಾ. ಮಕ್ಕಳಾಗಲಿಲ್ಲ. ಆಗದ್ದೇ ಒಳ್ಳೆಯದಾಯಿತು, ಸೀಜನ್ ತಪ್ಪಲಿಲ್ಲ ಅಂತ ಮುಕಾದಮ ಹೇಳಿದ್ದ. ಹಾಗೆ ಹೇಳಿ ನಕ್ಕಿದ್ದ ಕೂಡ.

ಆಮೇಲೆ ಜನಾಬಾಯಿಗೆ ಚರ್ಮದ ರೋಗ ಶುರುವಾಯಿತು. ಮೊಣಕೈ ಮೇಲೆ ಮೊದಲು ಒಂದು ಕೆಂಪು ಕಲೆ, ಅದರ ಮೇಲೆ ಬೆಳ್ಳಗಿನ ಹೊಟ್ಟು. ಕೆರೆದರೆ ಹೊಟ್ಟು ಉದುರಿ ಕೆಳಗಿನಿಂದ ರಕ್ತ ಜಿನುಗುತ್ತಿತ್ತು. ಕಬ್ಬಿನ ಗರಿಯ ಅಂಚು ಗರಗಸ ಇದ್ದ ಹಾಗೆ. ಅದು ಎಲ್ಲೆಲ್ಲಿ ಗೀರಿತೋ ಅಲ್ಲೆಲ್ಲ ಹೊಸ ಕಲೆ ಎದ್ದಿತು. ತೋಳು, ಕುತ್ತಿಗೆ, ಹೊಟ್ಟೆ, ತೊಡೆ. ಸೋರಿಯಾಸಿಸ್ ಅನ್ನುವ ಹೆಸರು ಅವಳಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಅದು ಅಂಟುವುದಿಲ್ಲ ಅನ್ನುವುದೂ ಆಗಲೇ ಗೊತ್ತಾದದ್ದು. ಅಷ್ಟರಲ್ಲಿ ಊರು ತನ್ನ ತೀರ್ಪು ಕೊಟ್ಟು ಮುಗಿಸಿತ್ತು.

"ಆಕಿ ಮೈ ಹಿಟ್ಟಿನ್ಯಾಗ ಉದರತೈತಿ" ಅಂದರು ಗ್ಯಾಂಗಿನ ಹೆಂಗಸರು. ಅವಳ ಒಲೆ ಬೇರೆಯಾಯಿತು. ಮಲಗುವ ಚಾಪೆ ಟ್ರಾಲಿಯ ಆಚೆಗೆ ಹೋಯಿತು. ಕೊನೆಗೆ ಸಂಗ್ರಾಮ ಭರಮುಗೆ ಹೇಳಿದ, "ಕೊಯ್ತಾ ಬದಲ ಮಾಡ್ಕೋ. ಇಲ್ಲಂದ್ರ ಇಬ್ಬರೂ ಮನಿಗೆ ನಡೀರಿ." ಮುಂದಿನ ಸೀಜನ್ನಿಗೆ ಭರಮುವಿನ ಪಕ್ಕದಲ್ಲಿ ಉಜ್ವಲಾ ಅನ್ನುವ ಹೆಂಗಸು ನಿಂತಿದ್ದಳು. "ಇದೊಂದ ಸೀಜನ್ ಅಷ್ಟ" ಅಂದ ಭರಮು. ಸೀಜನ್ ಮುಗಿಯಿತು. ಅವನು ಬರಲಿಲ್ಲ. ಜಗಳವಿಲ್ಲ, ಪಂಚಾಯ್ತಿಯಿಲ್ಲ. ಆ ಜನರಲ್ಲಿ ಕೊಯ್ತಾ ಬದಲಾದರೆ ಸಂಸಾರ ಬದಲಾದ ಹಾಗೇ.

ಜನಾಬಾಯಿಯನ್ನು ಯಾರಾದರೂ ಕೇಳಿದರೆ "ಏನೂ ಇಲ್ಲ ಬಿಡ್ರಿ, ಗಟ್ಟಿ ಅದೀನಿ" ಅನ್ನುತ್ತಿದ್ದಳು. ಬರಬರುತ್ತ ಕೇಳುವವರೂ ನಿಂತುಹೋದರು.

ಅಂದಿನಿಂದ ಅವಳ ಕೆಲಸ ಗ್ಯಾಂಗಿನ ಬೆನ್ನ ಹಿಂದೆ. ಗ್ಯಾಂಗು ಕಡಿದು ಹೋದ ಹೊಲಕ್ಕೆ ಇವಳು ಹೋಗಬೇಕು. ಬಿಸಾಕಿದ ಹಸಿರು ತುದಿಗಳನ್ನು ಆಯಬೇಕು. ಅದಕ್ಕೆ ವಾಡಿ ಅನ್ನುತ್ತಾರೆ, ಎಮ್ಮೆಗೆ ಮೇವು. ಕೈಗೆ ಹಳೆಯ ಸೀರೆಯ ಚಿಂದಿ ಸುತ್ತಿಕೊಂಡು ಆಯುತ್ತಿದ್ದಳು. ಚಿಂದಿ ತುಂಡಾಗುತ್ತಿತ್ತು. ರಕ್ತಕ್ಕೆ ಮಣ್ಣು ಮೆತ್ತಿಕೊಂಡು ಒಣಗುತ್ತಿತ್ತು. ಹೊರೆ ಕಟ್ಟಿದ ಮೇಲೆ ತಲೆಗೆ ಎತ್ತಿಕೊಡಲು ಇನ್ನೊಬ್ಬರು ಬೇಕಲ್ಲ? ಯಾರಿದ್ದಾರೆ? ಬದುವಿನ ಮೇಲೆ ಹೊರೆಯನ್ನು ಉರುಳಿಸಿ, ಕೆಳಗಿನಿಂದ ತಲೆ ಕೊಟ್ಟು ತಾನೇ ಎತ್ತಿಕೊಳ್ಳುತ್ತಿದ್ದಳು. ಕೊಂಡವರು ದನದ ಕೊಟ್ಟಿಗೆಯ ಹೊರಗೇ ಇಳಿಸಿಕೊಳ್ಳುತ್ತಿದ್ದರು. ಎಮ್ಮೆ ತಿಂದರೆ ನಡೆಯುತ್ತದೆ, ಇವಳು ಒಳಗೆ ಕಾಲಿಟ್ಟರೆ ನಡೆಯುವುದಿಲ್ಲ. ಥೂ!

ಹೀಗಿರುವಾಗ ಕೇರಿಯ ಆಶಾ ಕಾರ್ಯಕರ್ತೆ ಬಂದು ಹೇಳಿದಳು. ಚಿಕ್ಕೋಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಈ ರೋಗಕ್ಕೆ ಹೊಸ ಗುಳಿಗೆ ಪರೀಕ್ಷೆ ಮಾಡುತ್ತಿದ್ದಾರೆ, ಪುಕ್ಕಟೆ ಕೊಡುತ್ತಾರೆ, ಹೋಗು. ಜನಾಬಾಯಿ ಕುಡಚಿ ದಾಟಿ, ರಾಯಬಾಗದಲ್ಲಿ ಬಸ್ಸು ಬದಲಿಸಿ ಚಿಕ್ಕೋಡಿಗೆ ಹೋದಳು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋದಳು. ಕುಳಿತರೆ ಪಕ್ಕದವರು ಏಳುತ್ತಾರೆ. ಅದಕ್ಕಿಂತ ನಿಲ್ಲುವುದು ವಾಸಿ.

ಅಲ್ಲಿ ಪ್ರಾಜಕ್ತಾ ಅನ್ನುವ ಹುಡುಗಿ ಇದ್ದಳು. ನಿಪ್ಪಾಣಿಯವಳು. ಅವಳ ಅವ್ವ ಬೀಡಿ ಕಟ್ಟಿ ಓದಿಸಿದ್ದಳಂತೆ. ರೋಗಿಗಳನ್ನು ವಿಚಾರಿಸುವುದು, ಗುಳಿಗೆ ಕೊಡುವುದು, ಫೋಟೋ ತೆಗೆಯುವುದು ಅವಳ ಕೆಲಸ. ಮೊದಲ ದಿನವೇ ಅವಳು ಜನಾಬಾಯಿಯ ತೋಳು ಹಿಡಿದು ಕಲೆಯನ್ನು ಬೆರಳಿಂದ ಒತ್ತಿ, ಸ್ವಂತ ಚಿಕ್ಕಮ್ಮನನ್ನು ಕರೆದ ಹಾಗೆ, "ನೋವ ಆಗತೈತೇನ್ರಿ ಮಾವಶಿ?" ಅಂದಳು. ಕೈಗೆ ರಬ್ಬರಿನ ಗವಸಿತ್ತು. ಇದ್ದರೇನು? ಗವಸಿನೊಳಗೆ ಬೆಚ್ಚಗಿನ ಕೈಯಿತ್ತು. ವರ್ಷಗಳಾದ ಮೇಲೆ ಒಬ್ಬರು ಜನಾಬಾಯಿಯ ಮೈ ಮುಟ್ಟಿದ್ದರು. ಆ ಕೈ ಬೇಗ ತೆಗೆಯದಿರಲಿ ಅಂತ ಅವಳು ಉಸಿರು ಹಿಡಿದು ಕುಳಿತಳು. ನೋವಾಗುತ್ತಿತ್ತು. "ಇಲ್ರಿ" ಅಂದಳು.

ಆಮೇಲೆ ಫೋಟೋ. ನೀಲಿ ಬಟ್ಟೆಯ ಮುಂದೆ ಒಳಲಂಗದಲ್ಲಿ ನಿಲ್ಲಬೇಕು. ರವಿಕೆ ಬಿಚ್ಚಬೇಕು. ಕೈ ಮೇಲೆ ಮಾಡ್ರಿ. ಈ ಕಡೆ ತಿರಗ್ರಿ. ಆ ಕಡೆ ತಿರಗ್ರಿ. ಡಾಕ್ಟರ್ ನಿಖಿಲ ಒಳಗೆ ಬಂದ. ಅವಳತ್ತ ನೋಡದೆ ಕ್ಯಾಮೆರಾದ ತೆರೆ ನೋಡಿ, "ಇನ್ನ ಸ್ವಲ್ಪ ಬೆಳಕ ಬೇಕು" ಅಂದು ಹೋದ. ಜನಾಬಾಯಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಕಬ್ಬಿನ ಹೊಲದಲ್ಲಿ ಮರೆಗೆ ಗಿಡವಾದರೂ ಇರುತ್ತದೆ, ಇಲ್ಲಿ ಅದೂ ಇಲ್ಲ ಅನ್ನಿಸಿತು. ಗುಳಿಗೆ ಬೇಕು. ನಿಂತಳು.

ಅದಾದ ಮೇಲೆ ಪ್ರಶ್ನೆಗಳು. ರೋಗದಿಂದ ಜೀವನಕ್ಕೆ ಎಷ್ಟು ತೊಂದರೆ ಅಂತ ಅಳೆಯುವ ಪ್ರಶ್ನೆಗಳು. ಭಾಳ, ಸ್ವಲ್ಪ, ಇಲ್ಲ, ಅನ್ವಯಿಸುವುದಿಲ್ಲ, ಇಷ್ಟರಲ್ಲಿ ಒಂದನ್ನು ಹೇಳಬೇಕು.

"ತುರಿಕಿ, ಉರಿ, ನೋವು?"

ಪ್ರಶ್ನೆ ಕೇಳುವ ಮನುಷ್ಯ ಅಂದರೆ ಜನಾಬಾಯಿಗೆ ಗೊತ್ತಿದ್ದವನು ಮುಕಾದಮ ಒಬ್ಬನೇ. ಬಾಯಿ ತಾನಾಗಿಯೇ ಉತ್ತರ ಕೊಟ್ಟಿತು. "ಏನೂ ಇಲ್ರಿ. ಗಟ್ಟಿ ಅದೀನಿ."

"ಚರ್ಮದ ಸಲುವಾಗಿ ಅಂಗಡಿಗಿ, ಸಂತಿಗಿ ಹೋಗಾಕ ತ್ರಾಸ?"

"ನಾ ಹೋಗೂದ ಇಲ್ರಿ."

"ಅರಿಬಿ ಆರಿಸೋವಾಗ?"

"ಇರೋವು ಎರಡ ಸೀರಿ. ಏನ್ ಆರಸ್ಲಿ?"

"ಮದವಿ, ಕಾರ್ಯ, ಗೆಳತ್ಯಾರು?"

"ಕರಿಯೂದಿಲ್ರಿ ಯಾರೂ."

"ಮಾಲಕರ ಜೋಡಿ... ಅಂದ್ರ, ನಿಮ್ಮ ಗಂಡನ ಜೋಡಿ?"

"ಇಲ್ರಿ."

"ತೀರ್ಕೊಂಡಾರೇನ್ರಿ?"

"ಅದಾನ್ರಿ. ಬ್ಯಾರೇ ಕೊಯ್ತಾ ಕಟ್ಯಾನ."

ಪ್ರಾಜಕ್ತಾ ಗುರುತು ಹಾಕಿದಳು. ಅನ್ವಯಿಸುವುದಿಲ್ಲ. ಅದರ ಹಿಂದಿನದಕ್ಕೂ ಅದೇ. ಅದರ ಹಿಂದಿನದಕ್ಕೂ ಅದೇ. ಆ ಉತ್ತರಕ್ಕೆ ಲೆಕ್ಕದಲ್ಲಿ ಸೊನ್ನೆ. ಎಂಥ ಲೆಕ್ಕವಪ್ಪಾ ಇದು! ಗಂಡ ಮುನಿಸಿಕೊಂಡರೆ ಅಂಕ, ಬಿಟ್ಟೇ ಹೋದರೆ ಸೊನ್ನೆ. ಮದುವೆಗೆ ಹೋಗಲು ಸಂಕೋಚವಾದರೆ ಅಂಕ, ಕರೆಯುವವರೇ ಇಲ್ಲದಿದ್ದರೆ ಸೊನ್ನೆ. ರೋಗ ಯಾರ ಬಾಳನ್ನು ಪೂರ್ತಿ ತಿಂದು ಕೈ ತೊಳೆದುಕೊಂಡಿತ್ತೋ, ಅವರಿಗೇ ರೋಗದಿಂದ ತೊಂದರೆಯಿಲ್ಲ ಅಂತ ತೀರ್ಮಾನ.

ಅದೇ ಪರೀಕ್ಷೆಗೆ ಲಕ್ಷ್ಮಿಬಾಯಿಯೂ ಬರುತ್ತಿದ್ದಳು. ತವನಪ್ಪನ ಹೆಂಡತಿ, ಜನಾಬಾಯಿ ವಾಡಿ ಆಯುವ ಹೊಲದ ಒಡತಿ. ಅವಳಿಗೂ ಇದೇ ರೋಗ ಇದ್ದದ್ದು ಊರಿಗೆ ಗೊತ್ತಿರಲಿಲ್ಲ. ಉದ್ದ ತೋಳಿನ ರವಿಕೆ ಮುಚ್ಚಿಟ್ಟಿತ್ತು. ಮೊದಲ ಸಲ ಬೆಂಚಿನ ಮೇಲೆ ಜನಾಬಾಯಿಯನ್ನು ಕಂಡಾಗ ಅವಳ ಮುಖ ಬಿಳಚಿಕೊಂಡಿತು. ಆಮೇಲೆ ಪ್ರತಿ ಸಲವೂ ಬೇರೆ ಬೆಂಚಿಗೆ ಹೋಗಿ ಕಿಟಕಿ ನೋಡುತ್ತ ಕೂರುತ್ತಿದ್ದಳು. ನಡುವೆ ಬರೀ ಪರದೆ, ಹಾಗಾಗಿ ಅವಳ ಉತ್ತರಗಳು ಜನಾಬಾಯಿಗೆ ಕೇಳಿಸುತ್ತಿದ್ದವು. ಬಸದಿಯ ಪೂಜೆಗೆ ಹೋಗಲು ಮನಸ್ಸಾಗುವುದಿಲ್ಲ, ಭಾಳ. ತಮ್ಮನ ಮಗಳ ಮದುವೆಗೆ ಹೋಗಲಿಲ್ಲ, ಭಾಳ. ಗಂಡ ಮಾತು ಕಡಿಮೆ ಮಾಡಿದ್ದಾರೆ, ಭಾಳ. ಹೇಳುತ್ತ ಅಳುತ್ತಿದ್ದಳು. ಸುಳ್ಳು ಹೇಳುತ್ತಿರಲಿಲ್ಲ ಪಾಪ. ದರ್ಜಿ ಅಳತೆ ತೆಗೆದುಕೊಂಡು ಹೊಲಿದ ಕುಪ್ಪಸದ ಹಾಗೆ ಆ ಪ್ರಶ್ನೆಗಳು ಅವಳಿಗೆ ಸರಿಯಾಗಿ ಕೂರುತ್ತಿದ್ದವು. 'ಹಿಂಗ ಅಳೂ ಹೆಂಗಸನ್ನ ಡಾಕ್ಟರ್ ಪರೀಕ್ಷಾದಾಗ ಇಟ್ಕೊಳ್ಳೂದಿಲ್ಲ, ತಗದ ಹಾಕ್ತಾನ' ಅಂತ ಜನಾಬಾಯಿ ಮರುಗಿದಳು. ತಾನು ಮಾತ್ರ ಪ್ರತಿ ಸಲವೂ ಏನೂ ಇಲ್ಲ, ಗಟ್ಟಿ ಅದೀನಿ ಅಂದಳು.

ಗುಳಿಗೆ ಕೆಲಸ ಮಾಡಿತು. ಹೇಗೆ ಅಂತೀರಿ! ಹೊಟ್ಟು ನಿಂತಿತು. ಕೆಂಪು ಕಂದಾಯಿತು, ಕಂದು ಮಾಸಿತು. ಒಂದು ಬೆಳಗ್ಗೆ ಚಾಪೆ ಕೊಡವಿದಾಗ ಏನೂ ಉದುರಲಿಲ್ಲ. ಅವಳು ಮತ್ತೆ ಕೊಡವಿದಳು. ಬರೀ ಧೂಳು.

ಗಂಗೂಬಾಯಿ ಬಂದದ್ದು ಆಗ. ಅದೇ ಕೇರಿಯ ವಿಧವೆ, ಗಂಡ ಟ್ರಾಲಿಯ ಕೆಳಗೆ ಸಿಕ್ಕಿ ಸತ್ತವಳು. ಒರಟು ಬಾಯಿ. ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈಕೊಟ್ಟು ಅಂದಳು, "ನಾನೂ ಅರ್ಧ, ನೀನೂ ಅರ್ಧ. ಕೂಡಿದ್ರ ಒಂದ ಆಗೂದಿಲ್ಲೇನಬೇ?"

"ಎರಡ ಹೆಣ್ಣಿನ ಕೊಯ್ತಾನ? ಸಂಗ್ರಾಮ ನಗತಾನ."

"ನಗಲಿ. ಹಲ್ಲ ಅದಾವ, ನಗತಾನ. ಕಡಿಯೂದು ನಾನು, ಕಟ್ಟೂದು ನೀನು."

ಸಂಗ್ರಾಮ ನಕ್ಕ. ಆದರೆ ಆ ವರ್ಷ ಆಳಿನ ಬರ. ಜನಾಬಾಯಿಯ ತೋಳುಗಳನ್ನು ತಿರುಗಿಸಿ ನೋಡಿದ. "ಆತು. ಆದ್ರ ಮೈ ಹಿಂಗ ಇರಬೇಕು ನೋಡು. ಒಂದ ಹೊಟ್ಟ ಉದರ್ತಂದ್ರ ಇಬ್ಬರೂ ಸೀದಾ ಮನಿಗೆ" ಅಂದ.

ಇಬ್ಬರೂ ಕೂಡಿ ಹೊಲದಲ್ಲಿ ಸದೆ, ಅಂದರೆ ಕಳೆ, ತೆಗೆಯಲು ಹೋದರು, ಕೈ ಹೊಂದುತ್ತದೋ ನೋಡಲು. ಮಧ್ಯಾಹ್ನ ಬದುವಿನ ಮೇಲೆ ಜನಾಬಾಯಿ ಅಭ್ಯಾಸದಂತೆ ದೂರ ಸರಿದು ಬುತ್ತಿ ಬಿಚ್ಚಿದಳು. ಗಂಗೂಬಾಯಿ ಎದ್ದು ಬಂದು ಪಕ್ಕಕ್ಕೆ ಕುಕ್ಕರಿಸಿದಳು. ಜನಾಬಾಯಿಯ ರೊಟ್ಟಿಯಿಂದ ತುಂಡು ಮುರಿದು ಬಾಯಿಗೆ ಹಾಕಿಕೊಂಡು, "ಉಪ್ಪ ಕಮ್ಮಿ ಆಗೇತಿ" ಅಂದಳು. ಜನಾಬಾಯಿ ಉಳಿದ ರೊಟ್ಟಿಯನ್ನೂ ಅವಳತ್ತ ಸರಿಸಿದಳು. ತನ್ನ ಕೈಯ ರೊಟ್ಟಿಗೆ ಒಬ್ಬರು ಕುಂದು ಹೇಳಿ ಯಾವ ಕಾಲವಾಗಿತ್ತು!

ಈಗ ಅವಳಿಗೆ ಭಯ ಶುರುವಾಯಿತು. ಕಳಕೊಳ್ಳಲು ಏನಾದರೂ ಇದ್ದವರಿಗೆ ತಾನೇ ಭಯ? ಮಳೆಗಾಲದಲ್ಲಿ ಕೃಷ್ಣೆ ಏರಿ ಕುಡಚಿ ಸೇತುವೆ ಮುಳುಗಿದಾಗ ಅವಳು ಚಿಕ್ಕೋಡಿಗೆ ಹೋಗಲಾಗದೆ ಗುಳಿಗೆ ತಪ್ಪಿತ್ತು. ನೀರು ಇಳಿಯುವಷ್ಟರಲ್ಲಿ ಮೊಣಕೈ ಮೇಲೆ ಕೆಂಪು ಮತ್ತೆ ಮೂಡಿತ್ತು. ಗುಳಿಗೆ ಮತ್ತೆ ಸಿಕ್ಕಿದ ಮೇಲೇ ಅದು ಮಾಸಿದ್ದು. ಗುಳಿಗೆ ಇದ್ದರೆ ಮೈ. ಮೈ ಇದ್ದರೆ ಗ್ಯಾಂಗು, ಗಂಗೂಬಾಯಿ. ಇಷ್ಟು ಅವಳಿಗೆ ಸ್ಪಷ್ಟವಾಗಿ ತಿಳಿದಿತ್ತು.

ಸೀಜನ್ ಹತ್ತಿರ ಬಂದಾಗ ಕೊನೆಯ ಭೇಟಿಗೆ ಕರೆ ಬಂತು. ಡಾಕ್ಟರ್ ನಿಖಿಲ ಕುರ್ಚಿ ತೋರಿಸಿ ಕೂರಲು ಹೇಳಿದ. ನಗುನಗುತ್ತಲೇ ಮಾತಾಡಿದ. ಪರೀಕ್ಷೆ ಮುಗಿಯಿತು, ನಿಮ್ಮ ಚರ್ಮ ಎಲ್ಲರಿಗಿಂತ ಚೆನ್ನಾಗಿ ಗುಣವಾಗಿದೆ, ಅಭಿನಂದನೆ ಅಂದ. ಕಂಪನಿಯವರು ಇನ್ನೊಂದು ವರ್ಷ ಕೆಲವರಿಗೆ ಮಾತ್ರ ಗುಳಿಗೆ ಮುಂದುವರಿಸುತ್ತಾರೆ ಅಂದ.

"ನನಗ ಕೊಡ್ತೀರಲ್ರಿ?"

"ಇಲ್ಲ ಜನಾಬಾಯಿ. ರೋಗದಿಂದ ಯಾರ ಜೀವನಕ್ಕ ಹೆಚ್ಚ ತೊಂದ್ರಿ ಆಗೇತಿ, ಅಂಥವ್ರಿಗೆ ಅಷ್ಟ. ನಿಮ್ಮ ಸ್ಕೋರ್ ಮೊದ್ಲಿಂದ್ಲೂ ಸೊನ್ನಿ. ರೋಗ ಭಾಳ ಇದ್ದಾಗೂ ಸೊನ್ನಿ. ಅಂದ್ರ ನಿಮಗದು ತ್ರಾಸ ಕೊಟ್ಟಿಲ್ಲ. ಒಳ್ಳೇದಲ್ಲ?"

ಜನಾಬಾಯಿಗೆ ಮೊದಲು ಅರ್ಥವೇ ಆಗಲಿಲ್ಲ. "ತ್ರಾಸ ಇಲ್ಲಂತ ಯಾರ ಹೇಳ್ಯಾರ್ರಿ?"

"ನೀವ ಹೇಳೀರಿ. ಪ್ರತಿ ಸಲ."

ಪರದೆಯ ಆಚೆ ಲಕ್ಷ್ಮಿಬಾಯಿ ಮುಂದಿನ ವರ್ಷದ ಗುಳಿಗೆಗೆ ಸಹಿ ಹಾಕುತ್ತಿದ್ದಳು. ಎಲ್ಲಿ ಸಹಿ ಹಾಕಲಿ ಅಂತ ಅವಳು ಕೇಳುವುದು ಕೇಳಿಸಿತು.

ಜನಾಬಾಯಿ ಕುರ್ಚಿಯಿಂದ ಎದ್ದಳು. "ಸಾಹೇಬ್ರ, ಗ್ಯಾಂಗಿನ್ಯಾಗ ನೋವು ಅಂದ್ರ ಕೆಲ್ಸ ಹೊಕ್ಕೈತಿ. ಇಲ್ಲಿ ನೋವಿಲ್ಲ ಅಂದ್ರ ಔಷಧ ಹೊಕ್ಕೈತಿ. ಮತ್ತ ನನ್ನಂಥಾಕಿ ಎಲ್ಲಿ ಹೋಗಿ ಏನ ಅನಬೇಕು? ಅದನ್ನರ ಹೇಳ್ರಿ!"

ಡಾಕ್ಟರ್ ಗಡಿಯಾರ ನೋಡಿದ. "ಪ್ರಾಜಕ್ತಾ, ಇವ್ರ ಇವತ್ತಿನ ಪ್ರಶ್ನೆ ಮುಗಿಸು" ಅಂದು ಎದ್ದು ಹೋದ.

ಪ್ರಾಜಕ್ತಾ ಬಾಗಿಲು ಮುಚ್ಚಿ ಹತ್ತಿರ ಕುಳಿತಳು. ಪಿಸುಗುಟ್ಟಿದಳು, "ಕೂಸು ಅತ್ರ ತಾನ ಅವ್ವ ಹಾಲ ಕೊಡೂದು, ಮಾವಶಿ? ನೀವು ಅಳಲೇ ಇಲ್ಲ. ಇವತ್ತರ ಎಲ್ಲಾದಕ್ಕೂ ಭಾಳ ಅನ್ರಿ. ನಾ ಸರ್‌ಗೆ ಕೈಕಾಲ ಬಿದ್ದ ಹೇಳ್ತೀನಿ. ತುರಿಕಿ, ನೋವು?"

"ಮುಂದಿನ ಮೈ ಕೈಗೆ ಸಿಗತೈತಿ. ಬೆನ್ನು ಸಿಗೂದಿಲ್ಲ. ಬಾಗಲ ಚೌಕಟ್ಟಿಗೆ ತಿಕ್ಕೋತಿದ್ದೆ, ದನಾ ತಿಕ್ಕೊಂಡಂಗ. ರಕ್ತ ಬರೂಮಟ. ಬೆನ್ನಿಗೆ ಎಣ್ಣಿ ಹಚ್ಚಾಕ ಇನ್ನೊಬ್ಬರ ಕೈ ಬೇಕಲ್ಲ ಯವ್ವಾ."

"ಭಾಳ ಅಂತ ಹಾಕ್ಲಿ?"

"ನಾ ಹೇಳಿದ್ದ ಬರಿ."

"ಅಷ್ಟ ಬರಿಯಾಕ ಜಾಗಾ ಇಲ್ರಿ ಇದರಾಗ." ಪ್ರಾಜಕ್ತಾಳ ಮುಖ ಸಣ್ಣದಾಯಿತು. "ಗಂಡನ ಜೋಡಿ ತೊಂದ್ರಿ? ಇಲ್ಲಿ ಗಂಡ ಅದಾನ ಅನ್ರಿ ಮಾವಶಿ. ದಿನಾ ಜಗಳ ಆಡ್ತಾನ ಅನ್ರಿ. ಇಲ್ಲಂದ್ರ ಮತ್ತ ಅನ್ವಯಿಸುವುದಿಲ್ಲ ಅಂತ ಹಾಕಬೇಕಾಗತೈತಿ."

ಜನಾಬಾಯಿ ಅವಳನ್ನೇ ನೋಡಿದಳು. "ಬಿಟ್ಟ ಹೋದಂವನ್ನ ನಿಮ್ಮ ಗುಳಿಗಿ ಸಲುವಾಗಿ ಮನಿಗೆ ಕರಕೊಂಡ ಬರ್ಲೇನು? ಇಷ್ಟ ವರ್ಷ ಒಬ್ಬಾಕಿ ಇದ್ದೇನಿ. ಗೋಡಿ ಜೋಡಿ ಮಾತಾಡೇನಿ. ನನ್ನ ದನಿ ಹೆಂಗೈತಿ ಅಂತ ಮರತ ಹೋಗಬಾರ್ದಂತ ಒಲಿ ಮುಂದ ಒದರೇನಿ. ಅದು ನಿಮಗ ಸೊನ್ನಿ. ಇಲ್ಲದ ಗಂಡ ಜಗಳ ಆಡಿದ್ರ ಲೆಕ್ಕಕ್ಕ ಬರತೈತಿ. ಸುಳ್ಳ ಹೇಳಿ ನೋವ ತೋರಸಬೇಕಾ ನಾನು? ಖರೇದ್ದು ಕಮ್ಮಿ ಬಿತ್ತಾ?"

ಪ್ರಾಜಕ್ತಾ ಹಾಳೆ ತಿರುವಿದಳು. ಕೊನೆಯ ಪ್ರಶ್ನೆಯನ್ನು ಕೆಲಸದ ರೂಢಿಗೆ ಬಿದ್ದು ಕೇಳಿದಳು. "ಈ ಔಷಧದಿಂದ ಏನರ ತೊಂದ್ರಿ ಆತೇನ್ರಿ?"

"ಭಾಳ" ಅಂದಳು ಜನಾಬಾಯಿ.

"ಏನ್ ಆತ್ರಿ?"

"ಆಸೆ ಹುಟ್ತು."

ಅಷ್ಟರಲ್ಲಿ ಡಾಕ್ಟರ್ ಒಂದು ಕಾಗದ ಹಿಡಿದು ಬಂದ. ಮುಂದಿನ ತಿಂಗಳು ದೊಡ್ಡ ಡಾಕ್ಟರುಗಳ ಸಭೆಯಿದೆ, ಈ ಗುಳಿಗೆಯ ಫಲ ತೋರಿಸಬೇಕು, ಅದಕ್ಕೆ ನಿಮ್ಮ ಬೆನ್ನಿನ ಫೋಟೋ ಬೇಕು ಅಂದ. ಹಿಂದೆ ಕೊಟ್ಟ ಒಪ್ಪಿಗೆ ಪರೀಕ್ಷೆಗಷ್ಟೇ, ಹೊರಗೆ ತೋರಿಸಲು ಬೇರೆ ಒಪ್ಪಿಗೆ ಬೇಕು. "ಮುಖ ಇರೂದಿಲ್ಲ. ಬರೇ ಬೆನ್ನು. ಹೆಬ್ಬಟ್ಟ ಒತ್ರಿ. ನೀವ ಒತ್ತಿದ್ರ ನಾನೂ ನೋಡ್ತೀನಿ, ನನ್ನ ಕಡೆ ಉಳದ ಗುಳಿಗಿ ಒಂದಿಷ್ಟ ಅದಾವ. ಈ ಸೀಜನ್ ದಾಟತೈತಿ."

ಈ ಸೀಜನ್. ಗಂಗೂಬಾಯಿ ಕಣ್ಣ ಮುಂದೆ ಬಂದಳು, ಬದುವಿನ ಮೇಲೆ ಕುಕ್ಕರಿಸಿ ಉಪ್ಪು ಕಮ್ಮಿ ಅನ್ನುತ್ತ. ಜನಾಬಾಯಿಯ ಕೈ ಕಾಗದದ ಕಡೆ ಚಾಚಿತು. ಸುಳ್ಳೇಕೆ ಹೇಳಲಿ, ಚಾಚಿತು. ಮಸಿಯ ಡಬ್ಬಿಯವರೆಗೂ ಹೋಗಿ ನಿಂತಿತು.

"ಬೆನ್ನಿನ ಕೆಳಗ ಏನರ ಬರೀತೀರೇನ್ರಿ?"

"ಬರಿಯಲೇಬೇಕಲ್ಲ."

"ಓದ್ರಿ."

ಡಾಕ್ಟರ್ ನಿಟ್ಟುಸಿರು ಬಿಟ್ಟು ಓದಿದ. ಕೃಷಿ ಕೂಲಿ ಮಹಿಳೆ. ಮೈಯ ಬಹುಭಾಗಕ್ಕೆ ರೋಗ. ಗುಳಿಗೆಯಿಂದ ಸಂಪೂರ್ಣ ಗುಣ. ರೋಗದಿಂದ ಜೀವನದ ಮೇಲೆ ಯಾವುದೇ ಪರಿಣಾಮವಿಲ್ಲ.

"ಆ ಕಡೀ ಮಾತ ತಗೀರಿ. ಬೆನ್ನ ಕೊಡ್ತೀನಿ."

"ಅದು ಹಂಗ ತಗಿಯಾಕ ಬರೂದಿಲ್ಲ. ಲೆಕ್ಕ ಬಂದಂಗ ಬರೀಬೇಕು."

"ಹಂಗಾದ್ರ ಒತ್ತೂದಿಲ್ಲ."

"ಹುಚ್ಚರಂಗ ಮಾಡಬ್ಯಾಡ್ರಿ ಜನಾಬಾಯಿ. ಗುಳಿಗಿ ಬ್ಯಾಡೇನು?"

"ಬೇಕ್ರಿ. ಅನ್ನಕ್ಕಿಂತ ಹೆಚ್ಚ ಬೇಕು." ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. "ಆದ್ರ ನಿಮಗ ನನ್ನ ಬೆನ್ನು ಬೇಕು, ನಾ ಬ್ಯಾಡ. ನನಗ ಏನೂ ಆಗಿಲ್ಲಂತ ನನ್ನ ಬೆನ್ನಿನ ಕೆಳಗ ಬರದ ಊರೂರಿ ತೋರಸ್ತೀರಿ. ನಾ ಹೆಬ್ಬಟ್ಟ ಒತ್ತಿ ಅದನ್ನ ಖರೇ ಮಾಡ್ಲಾ? ಆಗೂದಿಲ್ಲ. ನನ್ನ ಫೋಟೋ ನನ್ನ ಕಣ್ಣ ಮುಂದ ಅಳಸ್ರಿ."

ಡಾಕ್ಟರನ ಮುಖ ಕೆಂಪಾಯಿತು. "ಒಪ್ಪಿಗಿ ಇಲ್ದ ಅವು ನನಗ ಉಪಯೋಗಿಲ್ಲ. ತಗದ ಹಾಕಿ ಕಳಸು ಇವ್ರನ್ನ" ಅಂತ ಪ್ರಾಜಕ್ತಾಳಿಗೆ ಹೇಳಿ ಬಾಗಿಲು ಎಳೆದುಕೊಂಡು ಹೋದ.

ಗಂಗೂಬಾಯಿಗೆ ತಾನೇ ಹೇಳಬೇಕು, ಹೊಟ್ಟು ಹೇಳುವುದಕ್ಕಿಂತ ಮೊದಲು. ಅವಳು ಜೊತೆಗೆ ನಿಂತರೆ ನಿಂತಳು, ಬಿಟ್ಟರೆ ಬಿಟ್ಟಳು. ಬೇಡಿಕೊಳ್ಳುವುದಿಲ್ಲ ಅಂದುಕೊಂಡಳು ಜನಾಬಾಯಿ.

ಪ್ರಾಜಕ್ತಾ ಕಂಪ್ಯೂಟರಿನ ತೆರೆಯನ್ನು ಅವಳ ಕಡೆ ತಿರುಗಿಸಿದಳು. ಮೊದಲು ಬಂದದ್ದು ಕೆಂಪು, ಬಿಳಿ, ಸೀಳು ಸೀಳಾದ ಒಂದು ಹರವು.

"ಇದ್ಯಾರದು?"

"ನಿಮ್ಮದ ಮಾವಶಿ. ಮೊದಲಿನದು."

ತನ್ನ ಬೆನ್ನನ್ನು ಜನಾಬಾಯಿ ಎಂದೂ ನೋಡಿರಲಿಲ್ಲ. ಅದು ಹೇಗಿದೆ ಅಂತ ಹೇಳುವವರೂ ಇರಲಿಲ್ಲ. ಅವಳು ಬಗ್ಗಿ ನೋಡಿದಳು. ಇದನ್ನು ಹೊತ್ತುಕೊಂಡು ತಾನು ಹೊರೆ ಹೊತ್ತೆನಾ ಅನ್ನಿಸಿ ಬಾಯಿಗೆ ಸೆರಗು ಒತ್ತಿಕೊಂಡಳು. ಪ್ರಾಜಕ್ತಾ ಮುಂದಿನದು ತೆಗೆದಳು. ಕೊನೆಯ ಸಲದ್ದು.

ಕಪ್ಪಗೆ, ನುಣ್ಣಗೆ ಇತ್ತು. ನಡುವೆ ಬೆನ್ನುಮೂಳೆಯ ಗೀರು ನೇರವಾಗಿ ಇಳಿದಿತ್ತು. ಹೊರೆ ಹೊತ್ತು ಹೊತ್ತು ಭುಜ ಗಟ್ಟಿಯಾಗಿ ಎದ್ದಿದ್ದವು. ಸೊಂಟದ ಹತ್ತಿರ ಒಂದು ಮಚ್ಚೆ.

"ಈ ಮಚ್ಚಿ ನಂದಾ?"

"ಹೂಂ ಮಾವಶಿ. ನಿಮಗ ಗೊತ್ತಿರಲಿಲ್ಲೇನು?"

ಜನಾಬಾಯಿ ಬಹಳ ಹೊತ್ತು ನೋಡಿದಳು. "ಚಂದ ಐತಿ" ಅಂದಳು. ಯಾರೂ ಹೇಳದೆ ಉಳಿದಿದ್ದ ಮಾತನ್ನು ತಾನೇ ಹೇಳಿಕೊಂಡಳು.

"ಇದೊಂದರ ಇಟ್ಕೊಳ್ರಿ. ಕಾಗದದ ಮ್ಯಾಲ ತಗದ ಕೊಡ್ತೀನಿ. ಯಾರಿಗೂ ತೋರಸೂದಿಲ್ಲ." ಪ್ರಾಜಕ್ತಾ ಅಳುತ್ತಿದ್ದಳು.

"ಬ್ಯಾಡ. ಇದು ನಿಮ್ಮ ಗುಳಿಗಿ ಬೆನ್ನು. ಇನ್ನೊಂದ ತಿಂಗಳದಾಗ ಹೋಗತೈತಿ. ಎಲ್ಲಿ ಒತ್ತಬೇಕು?"

"ನಾ ಒತ್ತತೀನಿ ಬಿಡ್ರಿ."

"ನಾನ ಒತ್ತತೀನಿ. ತೋರಸು."

ಪ್ರಾಜಕ್ತಾ ತೆರೆಯ ಮೂಲೆಯಲ್ಲಿ, ಬೆರಳಿನಿಂದ ಒತ್ತಿ ಫೋಟೋ ಅಳಿಸುವ ಒಂದು ಗುರುತು ತೋರಿಸಿದಳು. ಜನಾಬಾಯಿ ಹೆಬ್ಬೆರಳು ಒತ್ತಿದಳು. ಏನೂ ಆಗಲಿಲ್ಲ. ಕಬ್ಬಿಗೆ ಸವೆದು ಕಲ್ಲಾದ ಬೆರಳನ್ನು ಆ ಗಾಜು ಗುರುತಿಸಲಿಲ್ಲ. ಸೀರೆಗೆ ಒರೆಸಿಕೊಂಡು ಮತ್ತೆ ಒತ್ತಿದಳು. ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಇಡೀ ತೋಳಿನ ಬಲ ಹಾಕಿ ಒತ್ತಿದಳು. ಬೆನ್ನು ಹೋಯಿತು.

"ಇನ್ನ ಎಷ್ಟ ಅದಾವ?"

"ಅದಾವ್ರಿ ಇನ್ನ. ಎಲ್ಲಾ ಕಡೆಯಿಂದ ತಗದೇವಲ್ಲ."

ಜನಾಬಾಯಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.

"ಮುಂದಿಂದು ತಗಿ" ಅಂದಳು.